ಮಗಳನ್ನು ಯಾವ ಶಾಲೆಗೆ ಹಾಕೋದು? ಮಕ್ಕಳಿಗೆ 'ಇದು ನಮ್ಮೂರು' ಅನಿಸೋದು ಎಲ್ಲಿಂದ?

ಶಹಾಪುರದ ಅಪ್ಪ, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ಮಗಳನ್ನು ಈ ಜೂನ್‌ಗೆ ಒಂದನೇ ತರಗತಿಗೆ ಸೇರಿಸಬೇಕು. ಮನೆಯಲ್ಲಿ ಒಮ್ಮತ ಆಗುತ್ತಿಲ್ಲ. ನಾನು ಬೈಲಹೊಂಗಲ ಕಡೆಯವನು, ಮನೆಮಾತು ಕನ್ನಡ. ಹೆಂಡತಿ ಇಲ್ಲಿಯವಳೇ, ಅವರ ಮನೆಯಲ್ಲಿ ಮರಾಠಿ. ಮಗಳು ನನ್ನ ಜೊತೆ ಕನ್ನಡ, ಅವರವ್ವನ ಜೊತೆ ಮರಾಠಿ ಮಾತಾಡುತ್ತಾಳೆ. ಎರಡೂ ಸರಾಗ. ಅತ್ತೆಯವರಿಗೆ ಮೊಮ್ಮಗಳು ಮರಾಠಿ ಶಾಲೆಗೆ ಹೋಗಬೇಕು, ಇಲ್ಲದಿದ್ದರೆ ಮನೆಯ ಸಂಸ್ಕಾರ ಕೈಬಿಟ್ಟು ಹೋಗುತ್ತದೆ ಅನ್ನೋ ಭಯ. ನಮ್ಮ ಅಪ್ಪನಿಗೆ ಕನ್ನಡ ಶಾಲೆಯೇ ಆಗಬೇಕು. ಅಣ್ಣ, ವೈನಿ ಇಬ್ಬರೂ "ಇಂಗ್ಲಿಷ್ ಮೀಡಿಯಂ ಬಿಟ್ಟು ಬ್ಯಾರೆ ವಿಚಾರನ ಮಾಡಬ್ಯಾಡ" ಅನ್ನುತ್ತಾರೆ.

ಮಾರ್ಕ್ಸ್, ಮುಂದಿನ ನೌಕರಿ, ಅದರ ಬಗ್ಗೆ ಕೇಳುತ್ತಿಲ್ಲ. ನನ್ನ ಚಿಂತೆ ಬೇರೆ. ನಮ್ಮ ಗಲ್ಲಿಯಲ್ಲಿ ಕನ್ನಡದವರು, ಮರಾಠಿಯವರು, ಉರ್ದು ಮಾತಾಡುವವರು, ಮಗ್ಗದ ಕೆಲಸದವರು, ಬ್ಯಾಂಕಿನವರು ಎಲ್ಲರೂ ಇದ್ದೇವೆ. ಬೆಳಗ್ಗೆ ಒಂದೊಂದು ಮನೆ ಮುಂದೆ ಒಂದೊಂದು ಶಾಲೆಯ ವ್ಯಾನ್ ಬಂದು ನಿಲ್ಲುತ್ತದೆ. ಸಂಜೆ ಒಬ್ಬೊಬ್ಬರಿಗೆ ಒಂದೊಂದು ಕಡೆ ಟ್ಯೂಷನ್. ಗಣಪತಿ ಮಂಡಳದಲ್ಲಿ ಕೂಡುವ ದಿನಗಳನ್ನು ಬಿಟ್ಟರೆ ಈ ಮಕ್ಕಳಿಗೆ ಎದುರು ಮನೆಯ ಮಕ್ಕಳ ಹೆಸರೂ ಸರಿಯಾಗಿ ಗೊತ್ತಿರುವುದಿಲ್ಲ.

ನಮ್ಮ ಹಳ್ಳಿಯಲ್ಲಿ ಇದ್ದದ್ದು ಒಂದೇ ಸರ್ಕಾರಿ ಶಾಲೆ. ಗೌಡರ ಮಗ, ಕಂಬಾರರ ಮಗ, ಕುರಿ ಕಾಯುವವರ ಮಗ ಎಲ್ಲರೂ ಗೋಣಿ ತಟ್ಟಿನ ಮೇಲೆ ಕೂತು ಓದಿದೆವು. ಊರು ಅಂದರೆ ಇವರೆಲ್ಲ ಅಂತ ನನಗೆ ಗೊತ್ತಾಗಿದ್ದು ಅಲ್ಲಿಯೇ. ಮಗಳಿಗೆ ಅದು ಎಲ್ಲಿ ಸಿಗುತ್ತದೆ? ಶಾಲೆ ಕೊಡುತ್ತದಾ, ಮನೆ ಕೊಡಬೇಕಾ? ಅನುಭವ ಇದ್ದವರು ಹೇಳಿ.

ಗಡಿ ಶಾಲೆ ಮಾಸ್ತರ, ಖಾನಾಪುರ ತಾಲೂಕು

ನಾನು ಮರಾಠಿ ಮಾಧ್ಯಮದ ಸರ್ಕಾರಿ ಶಾಲೆಯಲ್ಲಿ ಕನ್ನಡ ಕಲಿಸುವ ಶಿಕ್ಷಕ. ಮೊದಲು ನಿಮ್ಮ ಅತ್ತೆಯವರ ಭಯಕ್ಕೂ ನಿಮ್ಮ ತಂದೆಯವರ ಹಟಕ್ಕೂ ಒಂದು ಮಾಹಿತಿ. ಇಲ್ಲಿಯ ಮರಾಠಿ ಶಾಲೆಗಳನ್ನು ನಡೆಸುವುದು ಕರ್ನಾಟಕ ಸರ್ಕಾರವೇ. ಪುಸ್ತಕವೂ ನಮ್ಮ ರಾಜ್ಯದ್ದೇ. ಕನ್ನಡ, ಇಂಗ್ಲಿಷ್, ಉರ್ದು, ಮರಾಠಿ, ಹಿಂದಿ, ತಮಿಳು, ತೆಲುಗು ಹೀಗೆ ಏಳು ಮಾಧ್ಯಮಗಳಲ್ಲಿ ಅಚ್ಚಾಗುತ್ತದೆ. ಜೊತೆಗೆ 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಬಂದ ಮೇಲೆ, 2017-18ರಿಂದ ಒಂದನೇ ತರಗತಿಯಿಂದಲೇ ಕನ್ನಡವನ್ನು ಒಂದು ಭಾಷೆಯಾಗಿ ಕಲಿಸಬೇಕು. ಶಾಲೆ ಯಾವ ಬೋರ್ಡಿನದೇ ಆಗಿರಲಿ. ಹಾಗಾಗಿ ಮರಾಠಿ ಶಾಲೆಗೆ ಹೋದರೆ ಕನ್ನಡ ಹೋಯಿತು ಅನ್ನೋದು ಸರಿಯಲ್ಲ.

ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. ಕಿತ್ತೂರು ಚೆನ್ನಮ್ಮನ ಪಾಠ ಮಾಡುವಾಗ ಒಬ್ಬ ಹುಡುಗ ಎದ್ದು ನಿಂತು ಕೇಳಿದ, "ಸರ್, ಕಿತ್ತೂರು ಅವರದಾ, ನಮ್ಮದಾ?" ನಾಲ್ಕನೇ ತರಗತಿ ಹುಡುಗ. ಈ ಪ್ರಶ್ನೆ ಪುಸ್ತಕದಲ್ಲಿ ಇಲ್ಲ, ನಾವು ಯಾರೂ ಕಲಿಸಿಲ್ಲ. ಇದು ರಾತ್ರಿ ಊಟದ ಹೊತ್ತಿನಲ್ಲಿ, ಟಿವಿ ಮುಂದೆ, ದೊಡ್ಡವರು ಆಡುವ ಮಾತಿನಿಂದ ಬಂದದ್ದು. ಕನ್ನಡದ ಮನೆಗಳಲ್ಲೂ ಇಂಥ ಮಾತು ಇದೆ, ಮರಾಠಿ ಮನೆಗಳಲ್ಲೂ ಇದೆ. ನಾನು ಉತ್ತರ ಹೇಳುವ ಬದಲು ಆ ವರ್ಷದ ಪ್ರವಾಸವನ್ನು ಕಿತ್ತೂರಿಗೇ ಇಟ್ಟುಕೊಂಡೆ. ಕೋಟೆಯ ಬಿದ್ದ ಗೋಡೆ ಮೇಲೆ ಮಕ್ಕಳು ಹತ್ತಿ ಇಳಿದರು. ಅಲ್ಲಿಯ ವಸ್ತು ಸಂಗ್ರಹಾಲಯದಲ್ಲಿ ಕತ್ತಿ ನೋಡಿದರು. 1824ರಲ್ಲಿ ಇಂಗ್ಲಿಷರ ಜೊತೆ ಇಲ್ಲಿಯೇ ಯುದ್ಧ ಆಯಿತು ಅಂತ ಹೇಳಿದಾಗ ಬಾಯಿ ತೆರೆದು ಕೇಳಿದರು. ಬರುವಾಗ ಬಸ್ಸಿನಲ್ಲಿ ಆ ಹುಡುಗ ಯಾರ ಕುದುರೆ ಎಲ್ಲಿ ನಿಂತಿತ್ತು ಅಂತ ವಾದ ಮಾಡುತ್ತಿದ್ದ. ಅವರದು, ನಮ್ಮದು ಅನ್ನೋ ಮಾತೇ ಬರಲಿಲ್ಲ.

ನನ್ನ ಅನುಭವದಲ್ಲಿ ಮನೆ ಮೊದಲು ಬರೆಯುತ್ತದೆ. ಶಾಲೆ ಅದನ್ನು ತಿದ್ದಬಹುದು. ಆದರೆ ಬರೀ ಪಾಠದಿಂದ ತಿದ್ದಲು ಆಗುವುದಿಲ್ಲ. ಈಗ ಪ್ರಾರ್ಥನೆ ವೇಳೆ ಸಂವಿಧಾನದ ಪೀಠಿಕೆ ಓದಿಸುತ್ತೇವೆ. ಒಳ್ಳೆಯದೇ. ಓದಿದ ಮಕ್ಕಳು ಆಮೇಲೆ ಯಾರ ಪಕ್ಕ ಕೂಡುತ್ತಾರೆ, ಅದನ್ನು ನಾನು ಜಾಸ್ತಿ ನೋಡುತ್ತೇನೆ.

ಜತ್ತದ ಬೀಗರು, ವಿಜಯಪುರ

ಮಾಸ್ತರರು ಹೇಳಿದ್ದಕ್ಕೆ ಗಡಿಯ ಆ ಕಡೆಯ ಮಾತು ಸೇರಿಸುತ್ತೇನೆ. ನನ್ನ ತಂಗಿಯನ್ನು ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿಗೆ ಕೊಟ್ಟಿದ್ದೇವೆ. ಅಲ್ಲಿ ಮಹಾರಾಷ್ಟ್ರದ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. ಅಲ್ಲಿಯ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯವರು ಕನ್ನಡದಲ್ಲೇ ಪುಸ್ತಕ ಅಚ್ಚು ಹಾಕುತ್ತಾರೆ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದಲ್ಲೂ ಹೀಗೇ ಇದೆ. ತಂಗಿಯ ಮಕ್ಕಳು ಶಿವಾಜಿ ಮಹಾರಾಜರ ಚರಿತ್ರೆಯನ್ನು ಕನ್ನಡದಲ್ಲಿ ಓದಿದ್ದಾರೆ. ಖಾನಾಪುರದ ಮಕ್ಕಳು ಚೆನ್ನಮ್ಮನ ಚರಿತ್ರೆಯನ್ನು ಮರಾಠಿಯಲ್ಲಿ ಓದುತ್ತಾರೆ. ಎರಡೂ ಕಡೆಯ ಮಕ್ಕಳನ್ನು ಒಂದು ಕಡೆ ಕೂಡ್ರಿಸಿದರೆ ಎಷ್ಟು ಚೆನ್ನಾಗಿ ಮಾತಾಡಬಹುದು, ಅಲ್ವಾ?

ಇನ್ನೊಂದು ಮಾತು. ಅಲ್ಲಿಯ ದೊಡ್ಡವರು ಯಾವ ರಾಜ್ಯ ಅಂತ ಯೋಚಿಸುವಾಗ ಭಾಷೆಗಿಂತ ನೀರಿನ ಮಾತು ಜಾಸ್ತಿ ಆಡುತ್ತಾರೆ. ಜತ್ತದ ಹಳ್ಳಿಗಳು ನೀರಿಲ್ಲ ಅಂತ ಕರ್ನಾಟಕಕ್ಕೆ ಸೇರುತ್ತೇವೆ ಅಂದ ಸುದ್ದಿ 2022ರಲ್ಲಿ ಬಹಳ ದೊಡ್ಡದಾಯಿತು. ಕುಡಿಯುವ ನೀರು, ಬಸ್ಸು, ದವಾಖಾನೆ ಸಿಕ್ಕ ಕಡೆ ಮನಸ್ಸು ನೆಲೆ ನಿಲ್ಲುತ್ತದೆ. ಮಕ್ಕಳು ಅದನ್ನೂ ನೋಡಿಯೇ ಬೆಳೆಯುತ್ತಾರೆ.

ಕೊನೆ ಸಾಲಿನವನು, ಹುನಗುಂದ

ಶಹಾಪುರದ ಅಣ್ಣಾವ್ರೆ, ನಿಮ್ಮ ಮಾತಿಗೆ ಗೌರವ ಇಟ್ಟೇ ಬರೆಯುತ್ತೇನೆ. "ಎಲ್ಲರೂ ಗೋಣಿ ತಟ್ಟಿನ ಮೇಲೆ ಕೂತು ಓದಿದೆವು" ಅಂದಿರಿ. ನಮ್ಮೂರಲ್ಲೂ ಒಂದೇ ಶಾಲೆ. ಒಂದೇ ಕೋಣೆ. ಆದರೆ ನಮ್ಮ ಕೇರಿಯ ಮಕ್ಕಳ ತಟ್ಟು ಬಾಗಿಲ ಹತ್ತಿರ. ನೀರಿನ ಕೊಡ ನಾವು ಮುಟ್ಟುವ ಹಾಗಿರಲಿಲ್ಲ. ಬಾಯಾರಿದರೆ ಬೇರೆ ಹುಡುಗ ಯಾರಾದರೂ ಬಂದು ಮೇಲಿಂದ ಹೊಯ್ಯಬೇಕು, ನಾವು ಬೊಗಸೆ ಒಡ್ಡಬೇಕು. ಅವನು ಆಟದಲ್ಲಿದ್ದರೆ ಆಟ ಮುಗಿಯುವ ತನಕ ಕಾಯಬೇಕು. ಇದನ್ನು ಯಾರೂ ಬೋರ್ಡಿನ ಮೇಲೆ ಬರೆದು ಕಲಿಸಲಿಲ್ಲ. ಆದರೂ ಆ ಕೋಣೆಯಲ್ಲಿದ್ದ ಪ್ರತಿಯೊಬ್ಬ ಮಗುವೂ ಚೆನ್ನಾಗಿ ಕಲಿತಿತ್ತು.

ಆಮೇಲೆ ಒಬ್ಬರು ಹೊಸ ಗುರುಗಳು ವರ್ಗವಾಗಿ ಬಂದರು. ಬಂದ ವಾರದಲ್ಲೇ ನನ್ನನ್ನು ಕರೆದು, "ತಮ್ಮಾ, ಆ ಕೊಡದಾಗಿಂದ ಒಂದು ಗ್ಲಾಸ್ ನೀರು ತುಂಬಿಕೊಂಡು ಬಾ" ಅಂದರು. ನಾನು ನಿಂತೇ ಇದ್ದೆ. ಇಡೀ ತರಗತಿ ಸುಮ್ಮನಾಯಿತು. ಇನ್ನೊಂದು ಸಲ ಹೇಳಿದರು. ತಂದುಕೊಟ್ಟೆ. ಎಲ್ಲರೆದುರು ಗಟಗಟ ಕುಡಿದು ಪಾಠ ಮುಂದುವರಿಸಿದರು. ಆ ಬಗ್ಗೆ ಒಂದೇ ಒಂದು ಮಾತೂ ಆಡಲಿಲ್ಲ. ಮರುದಿನ ಊರಿನ ಕೆಲವರು ಶಾಲೆಗೆ ಬಂದು ಜಗಳ ತೆಗೆದರು, ಎರಡು ದಿನ ಕೆಲವು ಮನೆಯವರು ಮಕ್ಕಳನ್ನೇ ಕಳಿಸಲಿಲ್ಲ. ಗುರುಗಳು ಜಗ್ಗಲಿಲ್ಲ. ಮೂರನೇ ದಿನ ಮಕ್ಕಳು ಬಂದರು, ನೀರು ಕುಡಿದರು.

ನನಗೆ ಈ ಊರು ನನ್ನದು ಅನಿಸಿದ್ದು ಅಂದು. ಪೂರ್ತಿ ಅನಿಸಿದ್ದು ಇನ್ನೂ ತಡವಾಗಿ, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ಗೆ ಸೇರಿದ ಮೇಲೆ. ಅಲ್ಲಿ ನನ್ನಂಥವರೇ ಎಲ್ಲ. ಯಾರೂ ಯಾರಿಗೂ ಬೊಗಸೆ ಒಡ್ಡಬೇಕಾಗಿರಲಿಲ್ಲ. ಬಾಬಾಸಾಹೇಬರು 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದಾಗ ಹಾಸ್ಟೆಲ್ ತೆರೆಯುವುದನ್ನು ಮುಖ್ಯ ಕೆಲಸವಾಗಿ ಇಟ್ಟುಕೊಂಡಿದ್ದರು. ಮರುವರ್ಷ ನಮ್ಮ ಪಕ್ಕದ ಜಿಲ್ಲೆಯ ನಿಪ್ಪಾಣಿಗೇ ಬಂದು ಸಭೆ ನಡೆಸಿದರು. ಓದುವ ಮಗುವಿಗೆ ಮೊದಲು ತಲೆ ಎತ್ತಿ ಕೂಡಲು ಒಂದು ಜಾಗ ಬೇಕು ಅಂತ ಅವರಿಗೆ ಗೊತ್ತಿತ್ತು.

ಮನೆಯ ಬಗ್ಗೆ ಕೇಳಿದಿರಿ. ನಮ್ಮವ್ವ ಅಕ್ಷರ ಕಲಿತವಳಲ್ಲ. ನಾನು ಅತ್ತುಕೊಂಡು ಬಂದಾಗ "ಸಾಲಿ ಅವರಪ್ಪಂದಲ್ಲೋ, ಸರಕಾರದ್ದು. ನಾಳೆ ಮುಂಜಾನೆ ಹೋಗು" ಅಂತ ಕಳಿಸುತ್ತಿದ್ದಳು. ಅದು ಇಲ್ಲದಿದ್ದರೆ ಆ ಗುರುಗಳು ಬರುವ ತನಕ ನಾನು ಶಾಲೆಯಲ್ಲಿ ಉಳಿಯುತ್ತಲೇ ಇರಲಿಲ್ಲ.

ಶಹಾಪುರದ ಅಪ್ಪ, ಬೆಳಗಾವಿ

ಅಣ್ಣಾ, ಓದಿ ಬಹಳ ಹೊತ್ತು ಏನೂ ಬರೆಯಲು ಆಗಲಿಲ್ಲ. ಒಂದೇ ಕಡೆ ಕೂತರೆ ಸಾಕು ಅಂತಿದ್ದ ನನ್ನ ಪ್ರಶ್ನೆಯನ್ನು ನೀವು ಮುಂದಕ್ಕೆ ಒಯ್ದಿರಿ. ಇನ್ನು ನಾನು ಶಾಲೆ ನೋಡಲು ಹೋದಾಗ ಯಾವ ಮಾಧ್ಯಮ ಅಂತ ಕೇಳುವುದಕ್ಕೆ ಮೊದಲು ನೀರು, ಊಟ, ಕೂಡುವ ಜಾಗ ಇವನ್ನು ನೋಡುತ್ತೇನೆ.

ತಾಂಡಾ ಅಕ್ಕೋರು, ವಿಜಯಪುರ ಜಿಲ್ಲೆ

ಊಟದ ಮಾತು ಬಂದಿತು, ಹಾಗಾಗಿ ಬರೆಯುತ್ತೇನೆ. ನಮ್ಮ ಶಾಲೆಗೆ ಲಂಬಾಣಿ ತಾಂಡಾದ ಮಕ್ಕಳೂ ಊರಿನ ಮಕ್ಕಳೂ ಬರುತ್ತಾರೆ. 2021ರ ಡಿಸೆಂಬರ್‌ನಲ್ಲಿ ವಿಜಯಪುರ ಸೇರಿ ಕೆಲವು ಜಿಲ್ಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಶುರುವಾಯಿತು. ಬೇಡ ಅಂದವರಿಗೆ ಬಾಳೆಹಣ್ಣು. ಹೊರಗೆ ದೊಡ್ಡವರ ಗಲಾಟೆ ಎಷ್ಟು ನಡೆಯಿತು ಅಂತ ನಿಮಗೆಲ್ಲ ಗೊತ್ತು. ನಮ್ಮಲ್ಲಿ ಒಬ್ಬ ಪಾಲಕರು ಬಂದು "ನನ್ನ ಮಗನನ್ನು ಮೊಟ್ಟೆ ತಿನ್ನುವವರ ಸಾಲಿನಲ್ಲಿ ಕೂಡ್ರಿಸಬೇಡಿ" ಅಂದರು. ನಾನು "ಸಾಲು ಒಂದೇ ಇರುತ್ತದೆ ರಿ, ತಟ್ಟೆಗೆ ಏನು ಬೇಕೋ ಅವನು ಕೇಳಲಿ" ಅಂದೆ. ಆ ಹುಡುಗ ಬಾಳೆಹಣ್ಣು ಸುಲಿಯುತ್ತಾ, ಪಕ್ಕದವನು ಮೊಟ್ಟೆ ಸುಲಿಯುತ್ತಾ, ಇಬ್ಬರೂ ಯಾರದು ಬೇಗ ಆಗುತ್ತದೆ ಅಂತ ಪಂದ್ಯ ಕಟ್ಟಿದರು. ಇವತ್ತಿಗೂ ಇಬ್ಬರೂ ಜೊತೆಗೇ ಕೂಡುತ್ತಾರೆ. ಅವನು ಇವತ್ತಿಗೂ ಬಾಳೆಹಣ್ಣೇ ತಿನ್ನುತ್ತಾನೆ. ಮನೆಯ ಪದ್ಧತಿ ಎಲ್ಲಿಯೂ ಕೆಡಲಿಲ್ಲ.

ಆದರೆ ನನ್ನ ದೊಡ್ಡ ಸಂಕಟ ಬೇರೆ ಇದೆ. ದೀಪಾವಳಿ ಆಸುಪಾಸಿನಲ್ಲಿ ತಾಂಡಾದ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಕೂಲಿಯವರನ್ನು ಕರೆದೊಯ್ಯುವ ಮುಕಾದಮನ ಹತ್ತಿರ ಮುಂಗಡ ತೆಗೆದುಕೊಂಡಿರುತ್ತಾರೆ, ಗಂಡ ಹೆಂಡತಿ ಜೋಡಿಯಾಗಿ ಕಬ್ಬು ಕಡಿಯಲು ಸಾಂಗಲಿ, ಕೊಲ್ಲಾಪುರ ಕಡೆ ಹೋಗುತ್ತಾರೆ. ಅಜ್ಜಿ ಇದ್ದರೆ ಮಕ್ಕಳು ಉಳಿಯುತ್ತಾರೆ. ವಲಸೆ ಹೋದವರ ಮಕ್ಕಳಿಗಾಗಿ ಋತುಮಾನದ ವಸತಿ ನಡೆದ ವರ್ಷ ಇನ್ನಷ್ಟು ಮಕ್ಕಳು ಉಳಿಯುತ್ತಾರೆ. ಉಳಿದವರು ಕಬ್ಬಿನ ಗದ್ದೆಗೆ. ತಿರುಗಿ ಬರುವ ಹೊತ್ತಿಗೆ ಪರೀಕ್ಷೆಯೇ ಬಂದಿರುತ್ತದೆ.

ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ಮನೆಯಲ್ಲಿ ಲಂಬಾಣಿ ಮಾತು ಗೋರ್ ಬೋಲಿ, ಶಾಲೆಯಲ್ಲಿ ಕನ್ನಡ, ಗದ್ದೆಯಲ್ಲಿ ಮರಾಠಿ. ತರಗತಿಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಎಲ್ಲರೂ ಅವಳನ್ನು ದಡ್ಡಿ ಅಂದುಕೊಂಡಿದ್ದರು. ಒಂದು ದಿನ ಗುಣಾಕಾರ ಮಾಡಿಸುವಾಗ ಪುಸ್ತಕ ಬಿಟ್ಟು "ಒಂದು ಗಾಡಿಗೆ ಎಷ್ಟು ಕಟ್ಟು ಕಬ್ಬು ಹಿಡಿಸುತ್ತದೆ?" ಅಂತ ಕೇಳಿದೆ. ಕಟ್ಟಿಗೆ ಎಷ್ಟು ಜಲ್ಲೆ, ಟನ್ನಿಗೆ ಎಷ್ಟು ದುಡ್ಡು, ಮುಕಾದಮ ಎಷ್ಟು ಹಿಡಿದುಕೊಳ್ಳುತ್ತಾನೆ, ಅಪ್ಪನ ಮುಂಗಡ ಇನ್ನೂ ಎಷ್ಟು ತೀರಬೇಕು, ಎಲ್ಲ ಬಾಯಲ್ಲೇ ಲೆಕ್ಕ ಹಾಕಿ ಹೇಳಿದಳು. ಊರಿನ ಮಕ್ಕಳು ಬೆರಗಾದರು. ಆ ವಾರದಿಂದ ಗಣಿತದಲ್ಲಿ ಅವಳ ಪಕ್ಕ ಕೂಡಲು ಜಗಳ.

ತಾಂಡಾದಲ್ಲಿ ಮಕ್ಕಳನ್ನು ಬೆಳೆಸುವ ರೀತಿ ನನಗೆ ಬಹಳ ಇಷ್ಟ. ತೀಜ್ ಹಬ್ಬದಲ್ಲಿ ಹುಡುಗಿಯರು ಗೋಧಿ ಸಸಿ ಬೆಳೆಸಿ ಒಂಬತ್ತು ದಿನ ನೀರು ಹಾಕಿ ಕಾಯುತ್ತಾರೆ. ತಮ್ಮ ಸಂತ ಸೇವಾಲಾಲರ ಹಾಡು ಬಾಯಿಪಾಠ. ಜಗಳ ಬಂದರೆ ನಾಯಕ, ಕಾರಭಾರಿ ಕೂತು ಮಾತಾಡುತ್ತಾರೆ. ಮನೆ ಇಷ್ಟೆಲ್ಲ ಕೊಟ್ಟು ಕಳಿಸುತ್ತದೆ. ಶಾಲೆಗೆ ಬಂದಾಗ ಅದಕ್ಕೆ ಬೆಲೆಯೇ ಇಲ್ಲ ಅಂತ ಮಗುವಿಗೆ ಅನಿಸಿದರೆ ಆ ಮಗು ಯಾಕೆ ಬಾಯಿ ಬಿಡುತ್ತದೆ? ಈ ವರ್ಷ ತೀಜ್ ಬುಟ್ಟಿಯನ್ನು ಶಾಲೆಗೆ ತರಿಸಿ ವಿಜ್ಞಾನದ ಪಾಠ ಮಾಡಿದೆವು.

ತಿಲಕವಾಡಿ ಇಂಜಿನಿಯರ್, ಬೆಳಗಾವಿ

ಎಲ್ಲರೂ ಸರ್ಕಾರಿ ಶಾಲೆಯ ಪರ ಬರೆಯುತ್ತಿದ್ದೀರಿ. ನಾನು ಬೇರೆ ಮಾತು ಹೇಳುತ್ತೇನೆ. ನನ್ನ ಇಬ್ಬರು ಮಕ್ಕಳು ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿದ್ದಾರೆ. ಅವರ ತರಗತಿಯಲ್ಲಿ ಕನ್ನಡ, ಮರಾಠಿ, ಉರ್ದು, ಕೊಂಕಣಿ, ಗುಜರಾತಿ ಮನೆಯ ಮಕ್ಕಳು ಇದ್ದಾರೆ. ಕನ್ನಡ ಶಾಲೆಗೆ ಹಾಕಿದ್ದರೆ ಕನ್ನಡದವರೇ, ಮರಾಠಿ ಶಾಲೆಗೆ ಹಾಕಿದ್ದರೆ ಮರಾಠಿಯವರೇ ಸಿಗುತ್ತಿದ್ದರು. ನಮ್ಮ ಊರಿನ ಸೇಂಟ್ ಪಾಲ್ಸ್ ಹೈಸ್ಕೂಲ್ 1856ರಿಂದ ಇದೆ. ಬೆಳಗಾವಿಗೆ ಇದು ಹೊಸದೇನೂ ಅಲ್ಲ. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ ಮಾಧ್ಯಮ ಆರಿಸುವ ಹಕ್ಕು ಪಾಲಕರದು, ಸರ್ಕಾರ ಮಾತೃಭಾಷೆಯನ್ನು ಹೇರುವ ಹಾಗಿಲ್ಲ ಅಂತ ಹೇಳಿದೆ. ಸರ್ಕಾರವೂ 2019-20ರಿಂದ ತನ್ನ ಶಾಲೆಗಳಲ್ಲಿ ಇಂಗ್ಲಿಷ್ ವಿಭಾಗ ತೆರೆಯುತ್ತಿದೆ. ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳಿಸಿದವರಿಗೆ ಊರಿನ ಮೇಲೆ ಪ್ರೀತಿ ಇಲ್ಲ ಅನ್ನೋ ಧ್ವನಿ ಬೇಡ. ನಾವು ಮನೆಯಲ್ಲಿ ಕನ್ನಡವೇ ಆಡುತ್ತೇವೆ, ಊರಿನ ಜಾತ್ರೆಗೆ ಮಕ್ಕಳನ್ನು ತಪ್ಪದೆ ಕರೆದುಕೊಂಡು ಹೋಗುತ್ತೇವೆ.

ಗಡಿ ಶಾಲೆ ಮಾಸ್ತರ, ಖಾನಾಪುರ ತಾಲೂಕು

ಸರ್, ಭಾಷೆಗಳು ಕೂಡುತ್ತವೆ ಅನ್ನೋದು ನಿಜ. ಒಪ್ಪುತ್ತೇನೆ. ಆ ತರಗತಿಯಲ್ಲಿ ಮಗ್ಗದವರ ಮಗು ಇದೆಯಾ? ಹಮಾಲಿ ಮಾಡುವವರ ಮಗು? ನಿಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕನ ಮಗು? ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಾಗ ಖಾಸಗಿ ಶಾಲೆಯ ಶೇ 25ರಷ್ಟು ಸೀಟು ಬಡ ಮತ್ತು ಹಿಂದುಳಿದ ಮಕ್ಕಳಿಗೆ ಅಂತ ಆಯಿತು. ಕೆಲವು ವರ್ಷ ಒಂದೇ ಬೆಂಚಿನಲ್ಲಿ ಎರಡು ತರಹದ ಮನೆಯ ಮಕ್ಕಳು ಕೂತರು. 2019ರಿಂದ ನಮ್ಮ ರಾಜ್ಯದಲ್ಲಿ ಹತ್ತಿರ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಇಲ್ಲ. ಊರಿನಲ್ಲಿ ಸರ್ಕಾರಿ ಶಾಲೆ ಇಲ್ಲದ ಜಾಗ ಎಷ್ಟಿದೆ ಹೇಳಿ? ಆ ಬಾಗಿಲು ಮುಚ್ಚಿತು.

ಬೆಳಗಾವಿಯಲ್ಲಿ ನಾವು ಭಾಷೆಯ ಬೇಲಿಯ ಬಗ್ಗೆಯೇ ಮಾತಾಡುತ್ತೇವೆ. ಆ ಬೇಲಿಯನ್ನು ಗಲ್ಲಿಯ ಮಕ್ಕಳು ದಿನಾ ದಾಟುತ್ತಾರೆ, ಕನ್ನಡದವನು ಮರಾಠಿಯಲ್ಲಿ ಬೈಯುತ್ತಾನೆ, ಮರಾಠಿಯವನು ಕನ್ನಡದಲ್ಲಿ ಬಾಲ್ ಕೇಳುತ್ತಾನೆ. ಫೀ ಹಾಕಿದ ಬೇಲಿಯನ್ನು ಯಾವ ಮಗುವೂ ತಾನಾಗಿ ದಾಟಲು ಆಗುವುದಿಲ್ಲ. ಶಹಾಪುರದವರ ಗಲ್ಲಿಯ ವ್ಯಾನುಗಳನ್ನು ಬೇರೆ ಬೇರೆ ಮಾಡಿದ್ದು ಇದೇ.

ನವನಗರದಾಕಿ, ಬಾಗಲಕೋಟೆ

ನಮ್ಮದು ಮುಳುಗಡೆ ಕತೆ. ಹಳೆ ಬಾಗಲಕೋಟೆಯ ತಗ್ಗಿನ ಓಣಿಗಳು ಆಲಮಟ್ಟಿ ಹಿನ್ನೀರಿಗೆ ಹೋದವು. ಸುತ್ತಲಿನ ಹಳ್ಳಿಗಳು ಪುನರ್ವಸತಿ ಕೇಂದ್ರಗಳಾದವು. ನಮಗೆ ನವನಗರದಲ್ಲಿ ಸೈಟ್ ಸಿಕ್ಕಿತು. ರಸ್ತೆ ಅಗಲ, ಗಿಡ ಇದೆ, ಎಲ್ಲ ಚೆಂದ. ಆದರೆ ಒಂದೇ ಗೋಡೆ ಹಂಚಿಕೊಂಡಿದ್ದ ಮನೆಗಳು ಬೇರೆ ಬೇರೆ ಸೆಕ್ಟರ್‌ಗೆ ಹೋದವು. ನಾನು ಶಾಲೆಗೆ ಹೋಗುವಾಗ ಮಕ್ಕಳು ಮೊದಲು ಕೇಳುತ್ತಿದ್ದದ್ದು ಸೆಕ್ಟರ್ ನಂಬರು. ಅವ್ವ ಮಾತ್ರ ಯಾರಾದರೂ ಸಿಕ್ಕರೆ ಇವತ್ತಿಗೂ "ಯಾವ ಓಣ್ಯಾಗ ಇದ್ರಿ?" ಅಂತಲೇ ಕೇಳುತ್ತಾಳೆ.

ನನ್ನ ಮಗನ ಶಾಲೆಯಲ್ಲಿ ಒಬ್ಬ ಅಕ್ಕೋರು ಒಂದು ಕೆಲಸ ಕೊಟ್ಟರು. ಅಜ್ಜ ಅಜ್ಜಿಯನ್ನು ಕೇಳಿ ಅವರ ಹಳೆಯ ಓಣಿಯ ಅಥವಾ ಹಳ್ಳಿಯ ನಕಾಶೆ ಬರೆದುಕೊಂಡು ಬರಬೇಕು. ನಮ್ಮವ್ವ ಪೆನ್ಸಿಲ್ ಹಿಡಿಯಲಿಲ್ಲ. ರಂಗೋಲಿ ಡಬ್ಬಿ ತೆಗೆದುಕೊಂಡು ಪಡಸಾಲೆಯ ಫರಸಿ ಮೇಲೆ ಕೂತಳು. ಇಲ್ಲಿ ನಮ್ಮ ಕಟ್ಟೆ, ಇಲ್ಲಿ ಬಾವಿ, ಇಲ್ಲಿ ಹುಣಸಿ ಗಿಡ, ಇಲ್ಲಿ ಎಣ್ಣೆ ಗಾಣ, ಈ ಮನೆಯವರು ನಮಗೆ ಮಜ್ಜಿಗೆ ಕೊಡುತ್ತಿದ್ದರು, ಈ ಮನೆಯವರ ಜೊತೆ ನಮಗೆ ಮಾತಿರಲಿಲ್ಲ. ಮಗ ನೋಡಿ ನೋಡಿ ಹಾಳೆ ಮೇಲೆ ಇಳಿಸಿದ. ಶಾಲೆಯಲ್ಲಿ ಎಲ್ಲ ಹಾಳೆಗಳನ್ನು ಗೋಡೆಗೆ ಅಂಟಿಸಿದಾಗ ಎರಡು ನಕಾಶೆಗಳಲ್ಲಿ ಒಂದೇ ಬಾವಿ ಬಂದಿತ್ತು. ಆ ಇನ್ನೊಂದು ಮಗು ಬೇರೆ ಸೆಕ್ಟರ್‌ನದು, ಅವರ ಅಜ್ಜಿ ಮತ್ತು ನಮ್ಮವ್ವ ಒಂದೇ ಬಾವಿಯ ನೀರು ಸೇದಿದವರು. ಆ ಭಾನುವಾರವೇ ಅವರು ನಮ್ಮ ಮನೆಗೆ ಬಂದರು. ಅವ್ವ ಹೋಳಿಗೆ ಮಾಡಿದಳು.

ಶಾಲೆನೋ ಮನೆನೋ ಅಂತ ಕೇಳಿದಿರಿ ಅಲ್ವಾ? ನಕಾಶೆ ಅವ್ವನ ತಲೆಯಲ್ಲಿ ಇಷ್ಟು ವರ್ಷ ಇತ್ತು. ಯಾರೂ ಕೇಳಿರಲಿಲ್ಲ, ನಾನೂ ಸೇರಿ. ಶಾಲೆ ಕೇಳಿತು. ಜಲಾಶಯದಲ್ಲಿ ಈಗ 519.60 ಮೀಟರ್ ತನಕ ನೀರು ನಿಲ್ಲುತ್ತದೆ, 2010ರಲ್ಲಿ ಕೃಷ್ಣಾ ನದಿ ನೀರಿನ ನ್ಯಾಯಮಂಡಳಿ 524.256 ಮೀಟರ್‌ಗೆ ಒಪ್ಪಿಗೆ ಕೊಟ್ಟಿದೆ. ಅಷ್ಟಕ್ಕೆ ಏರಿಸಿದರೆ ಇನ್ನಷ್ಟು ಹಳ್ಳಿಗಳು ಎದ್ದು ಹೋಗಬೇಕು. ಆ ಹಳ್ಳಿಗಳ ಶಾಲೆಯ ಗುರುಗಳು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಈಗಲೇ ಮಕ್ಕಳಿಂದ ನಕಾಶೆ ಬರೆಸಿ.

ಮನೆ ಒಂದನ್ನು ಮಾತ್ರ ಬಿಡದೆ ಉಳಿಸಿತು. ಹೋಳಿ. ಕಿಲ್ಲಾ, ಜೈನಪೇಟೆ, ವೆಂಕಟಪೇಟೆ ಅಂತ ಬಣ್ಣದ ಬಂಡಿಗಳು ಇವತ್ತಿಗೂ ಹೊರಡುತ್ತವೆ. ನವನಗರದಲ್ಲಿ ಹುಟ್ಟಿದ ಹುಡುಗರು ಕಾಕಾನ ಹತ್ತಿರ ಹಲಗಿ ಬಾರಿಸುವುದು ಕಲಿತು, ಅಪ್ಪನ ಓಣಿಯ ಮೇಳದಲ್ಲಿ ನಿಲ್ಲಲು ಹಳೇ ಊರಿಗೆ ಹೋಗುತ್ತಾರೆ. ಇದನ್ನು ಯಾವ ಶಾಲೆಯೂ ಕಲಿಸಲಿಲ್ಲ.

ಉರ್ದು ಸ್ಕೂಲಿನ ಹಳೆ ವಿದ್ಯಾರ್ಥಿ, ವಿಜಯಪುರ

ಹೋಳಿಯ ಮಾತು ಓದಿ ಖುಷಿಯಾಯಿತು. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಮೊಹರಂ ಹೀಗೇ. ಮುಸ್ಲಿಮರ ಮನೆ ಒಂದೂ ಇಲ್ಲದ ಊರಲ್ಲೂ ಪಂಜಾ ಕೂಡ್ರಿಸುತ್ತಾರೆ, ಹೆಜ್ಜೆ ಹಾಕುತ್ತಾರೆ, ಮೊಹರಂನ ಹಾಡು ರಿವಾಯತ ಪದ ಹಾಡುತ್ತಾರೆ. ಕನ್ನಡದಲ್ಲೇ ಹಾಡುತ್ತಾರೆ. ನಾನು ಉರ್ದು ಮಾಧ್ಯಮದಲ್ಲಿ ಓದಿದವನು. ಹತ್ತನೇ ತರಗತಿ ತನಕ ನನ್ನ ಗೆಳೆಯರೆಲ್ಲ ನಮ್ಮ ಮೊಹಲ್ಲಾದವರೇ. ಅಜ್ಜನ ಹಳ್ಳಿಗೆ ಮೊಹರಂಗೆ ಹೋಗದೆ ಇದ್ದಿದ್ದರೆ ನನ್ನ ಕನ್ನಡ ಪುಸ್ತಕದಲ್ಲೇ ಉಳಿಯುತ್ತಿತ್ತು. ಪಿಯುಸಿಗೆ ಹೋದಾಗ ಹೊಸಬರ ಜೊತೆ ಬೆರೆಯಲು ನನಗೆ ಧೈರ್ಯ ಕೊಟ್ಟದ್ದು ಅಲ್ಲಿ ಕುಣಿದ ಹೆಜ್ಜೆ. ನನ್ನ ತಂಗಿಗೆ ಹಾಗೆ ಹಳ್ಳಿಗೆ ಹೋಗುವ ಅವಕಾಶ ಸಿಗಲಿಲ್ಲ. ಕಾಲೇಜಿನ ಮೊದಲ ವರ್ಷ ಅವಳು ಬಹಳ ಒದ್ದಾಡಿದಳು.

ನಿವೃತ್ತ ಉಪನ್ಯಾಸಕ, ಬಾಗಲಕೋಟೆ

ಚಿಕ್ಕದಾಗಿ ಹೇಳುತ್ತೇನೆ. ನಮ್ಮ ಮೂರು ಜಿಲ್ಲೆಗಳಲ್ಲಿ ಶಾಲೆಗಳನ್ನು ಮನೆಗಳೇ ಕಟ್ಟಿದವು. 1906ರಲ್ಲಿ ಬಾಗಲಕೋಟೆಯ ಬಸವೇಶ್ವರ ವಿದ್ಯಾವರ್ಧಕ ಸಂಘ, 1910ರಲ್ಲಿ ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರ ಮುಂದಾಳತ್ವದಲ್ಲಿ ಬಿಎಲ್‌ಡಿಇ, 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕೂಡಿ ಕೆಎಲ್ಇ, ಹೀಗೆ ಒಂದೊಂದೇ ಶಿಕ್ಷಣ ಸಂಸ್ಥೆ ಎದ್ದವು. ಶಿರಸಂಗಿ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನೇ ವಿದ್ಯೆಗಾಗಿ ಬಿಟ್ಟು ಹೋದರು. ನಾಗನೂರು ರುದ್ರಾಕ್ಷಿಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವರ ಮನೆ ನಮ್ಮ ಕಡೆ ಹೆಜ್ಜೆಗೊಂದು ಸಿಗುತ್ತದೆ. ಒಂದು ಸಮುದಾಯದ ಮಕ್ಕಳಿಗಾಗಿ ಶುರುವಾದ ಬಾಗಿಲು ಆಮೇಲೆ ಎಲ್ಲರಿಗೂ ತೆರೆಯಿತು. ಹುನಗುಂದದ ತಮ್ಮನ ಮಾತು ಓದಿದ ಮೇಲೆ ಒಂದನ್ನು ಒತ್ತಿ ಹೇಳಬೇಕು ಅನಿಸುತ್ತದೆ. ಮನೆಯಿಂದ ಹಿಡಿ ಜೋಳ ಕೊಟ್ಟು ಶಾಲೆ ನಿಲ್ಲಿಸಿದ ಊರಿನವರು ಇವತ್ತು ಊರ ಶಾಲೆಯ ಕಡೆ ತಿರುಗಿಯೂ ನೋಡುವುದಿಲ್ಲ. ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಬನ್ನಿ ಅಂದರೆ ಬರುವುದು ನಾಲ್ಕೇ ಜನ. ಓದಿದ ಪಾಲಕರು ಬಿಟ್ಟು ಹೋದ ಶಾಲೆಯಲ್ಲಿ ಕೇಳುವವರೇ ಇರುವುದಿಲ್ಲ.

ಶಹಾಪುರದ ಅವ್ವ, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ಇದನ್ನು ಶುರು ಮಾಡಿದವರು ನಮ್ಮ ಮನೆಯವರು. ಎರಡು ದಿನದಿಂದ ರಾತ್ರಿ ಓದಿ ಹೇಳುತ್ತಿದ್ದರು, ಹಾಗಾಗಿ ನಾನೇ ಬರೆಯೋಣ ಅಂದುಕೊಂಡೆ.

ನಾನು ಮರಾಠಿ ಶಾಲೆಯಲ್ಲಿ ಓದಿದವಳು. ಕನ್ನಡ ಕಲಿತದ್ದು ಪಕ್ಕದ ಮನೆಯ ಕಾಕು ಹತ್ತಿರ. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಶಾವಿಗೆ ಹೊಸೆಯಲು ಕೂಡುತ್ತಿದ್ದೆವು. "ಸಣ್ಣಗ ಎಳೀ, ಇನ್ನೂ ಸಣ್ಣಗ" ಅನ್ನುತ್ತಾ ಕೈ ಹಿಡಿದು ತೋರಿಸುತ್ತಿದ್ದರು. ನನ್ನ ಆಯಿ (ಅವ್ವ) ಮತ್ತು ಕಾಕು ನಡುವೆ ಒಂದು ದಿನವೂ ಭಾಷೆಯ ತಕರಾರು ಬಂದಿಲ್ಲ. ಆದರೆ ನವೆಂಬರ್ ಒಂದನೇ ತಾರೀಖು ಬಂದರೆ ನಮ್ಮನ್ನು ಮನೆಯಿಂದ ಹೊರಗೆ ಬಿಡುತ್ತಿರಲಿಲ್ಲ. ಒಂದು ಕಡೆ ರಾಜ್ಯೋತ್ಸವದ ಮೆರವಣಿಗೆ, ಇನ್ನೊಂದು ಕಡೆ ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕು ಅನ್ನುವವರ ಕರಾಳ ದಿನ. ಬಾಗಿಲ ಸಂದಿಯಿಂದ ಡೊಳ್ಳಿನ ಸದ್ದು ಕೇಳುತ್ತಿದ್ದೆ. ಅಲ್ಲಿ ನನಗೆ ಜಾಗ ಇಲ್ಲ ಅಂತ ಯಾರೂ ಹೇಳಲಿಲ್ಲ, ಬಾಗಿಲು ಹಾಕಿದ್ದರು ಅಷ್ಟೆ. ಮದುವೆಯಾದ ಮೇಲೆ ಇವರ ಜೊತೆ ಮೊದಲ ಸಲ ಚೆನ್ನಮ್ಮ ವೃತ್ತಕ್ಕೆ ಹೋಗಿ ನೋಡಿದೆ. ಮಗಳಿಗೆ ಆ ಮೆರವಣಿಗೆಯೂ ಬೇಕು, ಶಿವಜಯಂತಿಯ ರೂಪಕಗಳೂ ಬೇಕು. ಎರಡಕ್ಕೂ ನಾವು ಕರೆದುಕೊಂಡು ಹೋಗುತ್ತೇವೆ. ಇದು ಶಾಲೆಯ ಕೆಲಸ ಅಲ್ಲ, ಅವಳ ಅಪ್ಪ ಅವ್ವನ ಕೆಲಸ.

ನಮ್ಮ ಆಯಿಗೆ ನಾನು ಹೇಳಿದ್ದು ಇಷ್ಟೇ: ಮರಾಠಿ ನಿನ್ನ ಹತ್ತಿರ ಇದೆ, ಓವಿ ಹಾಡುಗಳು ನಿನ್ನ ಹತ್ತಿರ ಇವೆ, ದಿನಾ ರಾತ್ರಿ ನೀನೇ ಮಲಗಿಸು. ಅದನ್ನು ಯಾವ ಶಾಲೆಯೂ ಕಿತ್ತುಕೊಳ್ಳುವುದಿಲ್ಲ. ಮನೆಯಲ್ಲಿ ಸಿಗದೇ ಇರುವುದು ಒಂದೇ, ಬೇರೆ ಮನೆಯ ಮಕ್ಕಳು. ಅದಕ್ಕಾಗಿ ನಾನು ಶಾಲೆಗೆ ಕಳಿಸುವುದು. ಗಲ್ಲಿಯ ಹತ್ತಿರದ ಸರ್ಕಾರಿ ಕನ್ನಡ ಶಾಲೆಗೆ ನನ್ನ ಒಪ್ಪಿಗೆ ಇದೆ. ಆದರೆ ಮೂರು ಮಾತು. ಹುಡುಗಿಯರ ಶೌಚಾಲಯದಲ್ಲಿ ನೀರು ಇರಬೇಕು. ಅತಿಥಿ ಶಿಕ್ಷಕರನ್ನು ನಡುವರ್ಷದಲ್ಲಿ ಬದಲಿಸಿ ಮಕ್ಕಳನ್ನು ಅತ್ತ ಇತ್ತ ಮಾಡಬಾರದು. ಇಂಗ್ಲಿಷ್ ಅನ್ನು ಒಂದನೇ ತರಗತಿಯಿಂದ ಚೆನ್ನಾಗಿ ಕಲಿಸಬೇಕು. ಇವು ಮೂರೂ ಇಲ್ಲದಿದ್ದರೆ ಊರಿನ ಮೇಲಿನ ಪ್ರೀತಿಗೆ ಮಗಳನ್ನು ಬಲಿ ಕೊಡಲು ನಾನು ತಯಾರಿಲ್ಲ. ಇಂಜಿನಿಯರ್ ಸಾಹೇಬರ ಮಾತೂ ನನಗೆ ಅರ್ಥ ಆಗುತ್ತದೆ.

ಕೊನೆ ಸಾಲಿನವನು, ಹುನಗುಂದ

ಅಕ್ಕಾ, ನಿಮ್ಮ ಮೂರು ಮಾತನ್ನು ಪ್ರತಿ ತಾಯಿಯೂ ಕೇಳಬೇಕು. ನಾಲ್ಕನೆಯದು ನನ್ನ ಪರವಾಗಿ ಕೇಳಿ: ಅಡುಗೆ ಮಾಡುವವರು ಯಾರು, ಅವರು ಮಾಡಿದ್ದನ್ನು ಎಲ್ಲ ಮಕ್ಕಳೂ ಉಣ್ಣುತ್ತಾರಾ ಅಂತ.

ಗಡಿ ಶಾಲೆ ಮಾಸ್ತರ, ಖಾನಾಪುರ ತಾಲೂಕು

ಅಕ್ಕಾವ್ರೆ, ಹೋಗುವುದಾದರೆ ಮಧ್ಯಾಹ್ನ ಊಟದ ಹೊತ್ತಿಗೆ ಹೋಗಿ. ಬೆಳಗ್ಗೆ ಹೋದರೆ ಆಫೀಸ್ ಕೋಣೆಯಲ್ಲಿ ಕೂಡ್ರಿಸಿ ಚಹಾ ಕೊಡುತ್ತಾರೆ, ಏನೂ ಕಾಣುವುದಿಲ್ಲ. ಚಿಕ್ಕ ತರಗತಿಯ ಮಕ್ಕಳು ಚಟುವಟಿಕೆಯಿಂದ ಕಲಿಯುವ ನಲಿಕಲಿ ಕೋಣೆಯಲ್ಲಿ ಸ್ವಲ್ಪ ಹೊತ್ತು ನಿಲ್ಲಿ, ಮಕ್ಕಳು ಗುಂಪಿನಲ್ಲಿ ಹೇಗೆ ಕೂಡುತ್ತಾರೆ ಅಂತ ಗೊತ್ತಾಗುತ್ತದೆ. ಮುಖ್ಯ ಗುರುಗಳನ್ನು ಎಷ್ಟು ಜನ ಕಾಯಂ ಶಿಕ್ಷಕರಿದ್ದಾರೆ ಅಂತ ನೇರವಾಗಿ ಕೇಳಿ. ಶೌಚಾಲಯದ ನಲ್ಲಿ ತಿರುಗಿಸಿ ನೋಡಿ. ಎಸ್‌ಡಿಎಂಸಿಯಲ್ಲಿ ಪಾಲಕರೇ ಸದಸ್ಯರು. ಮಗಳನ್ನು ಸೇರಿಸಿದರೆ ಆ ಸಭೆಗೆ ನೀವೇ ಹೋಗಿ, ಯಾರನ್ನೂ ಕಳಿಸಬೇಡಿ. ಒಂದೇ ಮನೆಯವರು ಕೇಳಿದರೆ ನಲ್ಲಿ ರಿಪೇರಿ ಆಗಲು ವರ್ಷ ಬೇಕು. ಗಲ್ಲಿಯ ಐದು ಮನೆಯವರು ಕೂಡಿ ಕೇಳಿದರೆ ಬೇಗ ಆಗುತ್ತದೆ.

ಶಹಾಪುರದ ಅಪ್ಪ, ಬೆಳಗಾವಿ

ಸೋಮವಾರ ಮಧ್ಯಾಹ್ನ ಹೋಗುತ್ತೇವೆ. ಅತ್ತೆಯವರೂ ಬರುತ್ತೇನೆ ಅಂದಿದ್ದಾರೆ. ಎದುರು ಮನೆಯ ಮಗ್ಗದವರ ಮಗ ಅದೇ ಶಾಲೆಯಲ್ಲಿ ಎರಡನೇ ತರಗತಿ ಓದುತ್ತಿದ್ದಾನಂತೆ, ಅವರಪ್ಪನೂ ಜೊತೆಗೆ ಬರುತ್ತಾರೆ. ಮೇಲಿನ ಮನೆಯ ಬ್ಯಾಂಕಿನವರಿಗೂ ಮುಂದಿನ ವರ್ಷ ಮಗು ಸೇರಿಸುವುದಿದೆ, ಅವರನ್ನೂ ಕೇಳಿದ್ದೇನೆ. ಶೌಚಾಲಯ, ಶಿಕ್ಷಕರು, ಇಂಗ್ಲಿಷ್, ಅಡುಗೆ, ನಾಲ್ಕನ್ನೂ ನೋಡಿಕೊಂಡು ಬಂದು ಇಲ್ಲಿಯೇ ಬರೆಯುತ್ತೇನೆ.